ಹದಿನೇಳನೇ ನಂಬರಿನ ಚಂದ್ರಿ

ಶರಣಕುಮಾರ ಪಟಾನ್‌ಚೆರುವಿನ ಬಸ್ಸಿಳಿದು ಕೂಕಟ್‌ಪಲ್ಲಿಯ ಮನೆ ಸೇರುವಾಗ ನಾಲ್ಕೂವರೆ ಆಗಿರುತ್ತಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು. ಪ್ರಾಣಿಗಳ ನಡುವೆ ಕೆಲಸ ಮಾಡಿ ಬಂದ ಮೈ, ಲಿಂಗಪೂಜೆಯ ಮನೆ. ಇದು ತಾಯಿ ಉಮಾಬಾಯಿಯ ಕಟ್ಟಪ್ಪಣೆ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಒಗ್ಗರಣೆ ಹಾಕಿದ ಚುರುಮುರಿಯ ತಟ್ಟೆಗಳನ್ನು ನೆಲದ ಮೇಲೆ ಇಟ್ಟಿರುತ್ತಿದ್ದಳು. ಎರಡನೇ ಕ್ಲಾಸಿನ ಗಾನವಿ ತನ್ನ ತಟ್ಟೆಯನ್ನು ಅಪ್ಪನ ತಟ್ಟೆಗೆ ತಾಗುವಂತೆ ಎಳೆದುಕೊಂಡು ಕೂರುತ್ತಿದ್ದಳು.

“ಇವತ್ತು ಯಾರ್ದು?”

“ಇವತ್ತು ಗುಂಡಂದು.”

“ಮತ್ತ ಸೊಪ್ಪು ಮುಚ್ಚಿಟ್ಟನಾ?”

“ಮುಚ್ಚಿಡದ ಬಿಡ್ತಾನೇನು?”

ಶರಣಕುಮಾರ ಬಿ.ಎಸ್ಸಿ. ಓದಿದವನು. ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದು ಹತ್ತು ವರ್ಷವಾಗಿತ್ತು. ಇಂಜೆಕ್ಷನ್ ಔಷಧ ತಯಾರಿಸುವ ಒಂದು ಕಾರ್ಖಾನೆಯ ಅನಿಮಲ್ ಹೌಸಿನಲ್ಲಿ ಕೆಲಸ. ಅಲ್ಲಿ ಐವತ್ತೆಂಟು ಬಿಳಿ ಮೊಲಗಳಿದ್ದವು. ಪ್ರತಿ ಬ್ಯಾಚಿನ ಔಷಧವನ್ನು ಮೊದಲು ಮೊಲದ ಕಿವಿಯ ನರಕ್ಕೆ ಚುಚ್ಚಬೇಕು. ಮೂರು ತಾಸು ಅದನ್ನು ಕದಲದಂತೆ ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಜ್ವರ ಏರುತ್ತದೆಯೇ ನೋಡಬೇಕು. ಏರದಿದ್ದರೆ ಔಷಧ ಮನುಷ್ಯರಿಗೆ ಹೋಗುತ್ತದೆ. ಗುರುತಿಗೆಂದು ಒಂದೊಂದು ಮೊಲದ ಕಿವಿಯೊಳಗೂ ಹಚ್ಚೆಯಲ್ಲಿ ಒಂದು ನಂಬರು.

ಗಾನವಿಗೆ ನಾಲ್ಕು ವರ್ಷವಿದ್ದಾಗ, ನೀ ಅಲ್ಲಿ ಏನು ಮಾಡ್ತಿ ಎಂದು ಕೇಳಿದ್ದಳು. ಮೊಲಗಳಿಗೆ ಸೊಪ್ಪು ಹಾಕ್ತೀನಿ ಎಂದಿದ್ದ. ಅದು ಸುಳ್ಳೇನಲ್ಲ. ಸೊಪ್ಪು ಹಾಕುವುದೂ ಅವನ ಕೆಲಸವೇ. ಮರುದಿನ ಅವಳು ಮೊಲಗಳ ಹೆಸರು ಕೇಳಿದಳು. ಹೆಸರು ಕಿವಿಯೊಳಗೆ ಬರೆದಿದೆ ಎಂದ. ಅಲ್ಲಿಂದ ಶುರು. ಎಂಟನೇ ನಂಬರು ಗುಂಡ. ಸೊಪ್ಪನ್ನು ನೀರಿನ ಬಟ್ಟಲ ಕೆಳಗೆ ಬಚ್ಚಿಟ್ಟು, ಅದು ಒದ್ದೆಯಾಯಿತೆಂದು ದಿನವಿಡೀ ಮುಖ ತಿರುಗಿಸಿ ಕೂರುವವನು. ಮೂವತ್ತೊಂದು ಸಾಹೇಬ, ದೀಪ ಹಾಕುವವರೆಗೆ ಊಟ ಮುಟ್ಟುವುದಿಲ್ಲ. ಹದಿನೇಳು ಚಂದ್ರಿ. ಹೊಸ ಬೂಟಿನವರು ಯಾರಾದರೂ ಒಳಗೆ ಬಂದರೆ ಹಿಂಗಾಲಿನಿಂದ ಪಂಜರದ ತಳ ಬಡಿದು ಉಳಿದವರಿಗೆಲ್ಲ ಸುದ್ದಿ ಮುಟ್ಟಿಸುವವಳು. ಈ ಕಥೆಗಳಲ್ಲಿ ಸಿಂಹವಿರಲಿಲ್ಲ, ನರಿ ಇರಲಿಲ್ಲ, ಯಾರೂ ಯಾರನ್ನೂ ಸೋಲಿಸುತ್ತಿರಲಿಲ್ಲ. ಅವನು ಹೆಚ್ಚಾಗಿ ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದ. ಕಂಡದ್ದರಲ್ಲಿ ಅರ್ಧ ಮಾತ್ರ.

ಉಮಾಬಾಯಿಯೂ ಸೊಪ್ಪು ಸೋಸುತ್ತ ಕೇಳುತ್ತಿದ್ದಳು. ಕೆಳಗಿನ ಮನೆಯ ಜಯಮ್ಮನ ಮುಂದೆ ಎಷ್ಟೋ ಸಲ ಹೇಳಿದ್ದಳು: “ಮಂದಿ ಮಕ್ಕಳು ಕಂಪ್ಯೂಟರ್ ಮುಂದ ಕುಂತು ರೊಕ್ಕ ಗಳಸ್ತಾರ. ನನ್ನ ಮಗ ಐವತ್ತೆಂಟು ಮೂಕಜೀವಕ್ಕ ಉಣ್ಣಾಕ ಹಾಕಿ ಗಳಸ್ತಾನ.” ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಶರಣಕುಮಾರನೇ ಇನ್ಸುಲಿನ್ ಚುಚ್ಚಬೇಕು. ಅವನ ಕೈ ಎಷ್ಟು ಹಗುರವೆಂದರೆ ಅವಳು ಇನ್ನೂ ಸೆರಗು ಸರಿಪಡಿಸಿಕೊಳ್ಳುತ್ತಿರುವಾಗಲೇ ಅವನು ಸೂಜಿ ತೆಗೆದಿರುತ್ತಿದ್ದ. “ಚುಚ್ಚಿದಿ ಏನೋ?” ಎಂದು ದಿನಾ ಕೇಳುತ್ತಿದ್ದಳು.

ಅದು ಮಾಧಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಶರಣಕುಮಾರನ ಹೆಂಡತಿ ಶೈಲಶ್ರೀ ಆರು ವರ್ಷ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಗಂಟಲು ಹರಿದುಕೊಂಡು, ಕೊನೆಗೆ ಅಲ್ಲಿನ ಒಂದು ಕಂಪನಿಗೆ ಸೇರಿದ್ದಳು. ಅಮೆರಿಕದ ಶಾಲೆಗಳಿಗೆ ಮಕ್ಕಳ ಕಥೆಯ ಸಿ.ಡಿ. ಮತ್ತು ಪುಸ್ತಕ ಮಾಡಿ ಕಳಿಸುವ ಕಂಪನಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದಳು. ಸಂಬಳ ಗಂಡನ ಎರಡರಷ್ಟು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆಫೀಸಿನಲ್ಲಿ ಅವಳ ಮೇಲಧಿಕಾರಿಯಾದ ಪ್ರೇಮಾ ಒಂದು ದಿನ, ಗಿರಾಕಿಗಳಿಗೆ ಮೊಲದ ಕಥೆಗಳು ಬೇಕಂತೆ, ಹನ್ನೆರಡು ಪುಸ್ತಕದ ಮಾಲಿಕೆ ಎಂದಳು. ಶೈಲಶ್ರೀ ಒಂದು ವಾರ ಏನೂ ಹೊಳೆಯದೆ ಕಂಪ್ಯೂಟರ್ ಪರದೆ ನೋಡುತ್ತ ಕೂತಳು. ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುವಾಗ ಗಾನವಿ ತಾನಾಗಿಯೇ ಗುಂಡನ ವಿಷಯ ತೆಗೆದಳು. ಸೋಮವಾರ ಶೈಲಶ್ರೀ ಅದನ್ನು ಇಂಗ್ಲಿಷಿನಲ್ಲಿ ಬರೆದಳು. ಮುಂದಿನ ಭಾನುವಾರ ಸಾಹೇಬನದು. ಪ್ರೇಮಾ ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿದಳು.

ಎರಡು ತಿಂಗಳಿಗೆ ಮೊದಲ ಪುಸ್ತಕ ಅಚ್ಚಾಗಿ ಮನೆಗೆ ಬಂತು. ಹೊಳೆಯುವ ದಪ್ಪ ಕಾಗದ. ಊಟಕ್ಕೆ ಕೂತಾಗ ಶೈಲಶ್ರೀ ಅದನ್ನು ಚೀಲದಿಂದ ತೆಗೆದು ಮಗಳ ಕೈಗೆ ಕೊಟ್ಟಳು. ಗಾನವಿ ರೊಟ್ಟಿ ಬಿಟ್ಟು ಹಾಳೆ ತಿರುವಿದಳು.

“ಮಮ್ಮಿ, ಗುಂಡ ಚಡ್ಡಿ ಹಾಕ್ಕೊಂಡಾನ!”

“ಹೌದು. ಚಂದ ಐತಿಲ್ಲೋ?”

“ಕಣ್ಣು ಯಾಕ ಕಪ್ಪು ಅದಾವ? ಅಪ್ಪ ಕೆಂಪು ಅಂದಿದ್ದ.”

“ಕೆಂಪು ಕಣ್ಣು ನೋಡಿದ್ರ ಅಲ್ಲಿ ಹುಡುಗ್ರು ಅಂಜ್ತಾರಂತ.”

“ಕಿವ್ಯಾಗ ನಂಬರೂ ಇಲ್ಲ.”

“ಅದೂ ಬ್ಯಾಡ ಅಂದ್ರು.”

ಗಾನವಿ ಕೊನೆಯ ಹಾಳೆಗೆ ಬಂದಳು. ಗುಂಡ ತನ್ನ ಸೊಪ್ಪನ್ನು ಗೆಳೆಯರಿಗೆಲ್ಲ ಹಂಚುತ್ತಿದ್ದ. “ಇದು ಸುಳ್ಳು. ಗುಂಡ ಯಾರಿಗೂ ಕೊಡಂಗಿಲ್ಲ,” ಎಂದು ಪುಸ್ತಕ ಮುಚ್ಚಿಟ್ಟಳು.

ಶರಣಕುಮಾರ ತುತ್ತು ಕೈಯಲ್ಲಿ ಹಿಡಿದೇ ಕೂತಿದ್ದ. “ಯಾರನ್ನ ಕೇಳಿ ಬರದಿ?”

“ಯಾರನ್ನ ಕೇಳ್ಬೇಕಿತ್ರಿ? ಗಾನವಿ ಹೇಳಿದ್ಲು, ಬರದೆ.”

“ನಾ ಹೇಳಿದ್ದು ಆಕಿಗೆ.”

“ಹದಿನೈದು ದಿನಕ್ಕೊಂದು ಕಥಿ ಬೇಕಂತಾರ ಅವ್ರು. ನಾ ಎಲ್ಲಿಂದ ತರ್ಲಿ? ನಿಮ್ಮ ಮೊಲ ಏನು ಸವೀತಾವೇನು ಬರದ್ರ?”

“ಚಡ್ಡಿ ಹಾಕಿ ಮಂದಿಗೆ ತೋರಿಸೂದಲ್ಲ ಅವು. ಜೀವ ಇರೂ ಮೊಲ.”

“ಹಂಗಾದ್ರ ಆಕಿಗೆ ಪೂರಾ ಹೇಳ್ರಿ,” ಶೈಲಶ್ರೀ ದನಿ ತಗ್ಗಿಸಿದಳು. “ಕಿವಿಗೆ ಏನು ಮಾಡ್ತೀರಿ, ಪೆಟ್ಟಿಗ್ಯಾಗ ಎಷ್ಟೊತ್ತು ಕುಂದ್ರಸ್ತೀರಿ, ಎಲ್ಲಾ ಹೇಳ್ರಿ. ನೀವು ಮುಚ್ಚಿಟ್ರ ಅದು ಪ್ರೀತಿ, ನಾ ಚಡ್ಡಿ ಹಾಕಿದ್ರ ತಪ್ಪು.”

ಉಮಾಬಾಯಿ ಬಿಸಿ ರೊಟ್ಟಿ ಹಿಡಿದು ಅಡುಗೆಮನೆಯಿಂದ ಬಂದಳು. “ಉಣ್ಣೂಮುಂದ ಏನದು ಜಗಳ? ಕೂಸು ಉಣ್ಣೂದು ಬಿಟ್ಟೈತಿ ನೋಡ್ರಿ.”

ಆ ವಾರವಿಡೀ ಗಂಡ ಹೆಂಡತಿ ಮಗಳ ಮೂಲಕವೇ ಮಾತಾಡಿದರು. ಅಪ್ಪಗ ಗ್ಯಾಸ್ ಬುಕ್ ಮಾಡಾಕ ಹೇಳು. ಮಮ್ಮಿಗೆ ನೀರು ಬರಂಗಿಲ್ಲ ಅಂತ ಹೇಳು. ಆದರೆ ಕಥೆ ನಿಲ್ಲಲಿಲ್ಲ. ಹೇಳುವುದೂ ನಿಲ್ಲಲಿಲ್ಲ, ಬರೆಯುವುದೂ ನಿಲ್ಲಲಿಲ್ಲ. ಗಾನವಿ ಅಪ್ಪನಿಂದ ಕೇಳಿ ಅಮ್ಮನಿಗೆ ದಾಟಿಸುತ್ತಲೇ ಇದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಅನಿಮಲ್ ಹೌಸಿನ ಡಾಕ್ಟರು ಪ್ರಾಣೇಶ ಅವನನ್ನು ಕೋಣೆಗೆ ಕರೆದರು. ಅವರು ಧಾರವಾಡದ ಕಡೆಯವರು. ಇಬ್ಬರೇ ಇದ್ದಾಗ ಕನ್ನಡದಲ್ಲೇ ಮಾತು.

“ಹೊಸ ಪರೀಕ್ಷಾ ಬಂದೈತಿ ಶರಣಕುಮಾರ. ಗಾಜಿನ ಟ್ಯೂಬಿನ್ಯಾಗ ಮಾಡೂದು. ಒಂದು ತಾಸಿನ್ಯಾಗ ರಿಜಲ್ಟ್. ಇನ್ನ ಮೊಲ ಬೇಕಾಗಂಗಿಲ್ಲ.”

“ಚಲೋ ಆತಲ್ರಿ ಸರ್.”

“ಚಲೋನ. ಇವನ್ನ ಮುಂದಿನ ಶುಕ್ರವಾರದೊಳಗ ಮುಗಿಸಬೇಕು.”

“ಐವತ್ತೆಂಟೂ?”

“ಎಲ್ಲಾ.”

“ಯಾರಿಗರೆ ಸಾಕಾಕ ಕೊಡಬಹುದಲ್ರಿ?”

“ಇವುಕ್ಕ ಏನೇನು ಮದ್ದು ಹೋಗ್ಯಾವು ನಿನಗ ಗೊತ್ತಿಲ್ಲೇನು? ಒಂದು ಹೊರಗ ಹೋದ್ರೂ ನಮ್ಮಿಬ್ಬರ ನೌಕರಿ ಹೋಗ್ತಾವ. ಪ್ಯಾಕಿಂಗ್ ಸೆಕ್ಷನ್ನಿಗೆ ನಿನ್ನ ಹೆಸರು ಕಳಿಸೀನಿ. ಸುಮ್ನ ಮುಗಿಸು. ನಿನ್ನಷ್ಟು ಹಗುರ ಕೈ ಇಲ್ಲಿ ಯಾರದೂ ಇಲ್ಲ. ಅವುಕ್ಕೂ ತ್ರಾಸಾಗಂಗಿಲ್ಲ.”

ಆ ಸಂಜೆ ಮನೆಯಲ್ಲಿ ಅನಿಮಲ್ ಹೌಸ್ ಮುಚ್ಚುತ್ತದೆ ಎಂದಷ್ಟೇ ಹೇಳಿದ. ಮೊಲಗಳೆಲ್ಲ ಕೃಷಿ ಕಾಲೇಜಿನ ಒಂದು ಫಾರ್ಮಿಗೆ ಹೋಗುತ್ತವೆ ಎಂದ. ಫಾರ್ಮು ಎಂಬ ಮಾತು ಬಾಯಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

“ಹಂಗಾದ್ರ ಒಂದು ಮನಿಗೆ ತಗೊಂಡು ಬಾ,” ಎಂದಳು ಉಮಾಬಾಯಿ. “ಕೂಸಿಗೆ ಆಟಕ್ಕ ಆಗ್ತೈತಿ. ಬಾಲ್ಕನ್ಯಾಗ ಇರ್ತೈತಿ.”

ಗಾನವಿ ಎದ್ದು ನಿಂತಳು. “ಚಂದ್ರಿ! ಅಪ್ಪಾ, ಚಂದ್ರೀನ ತಗೊಂಡು ಬಾ!”

ಏಳಕ್ಕೆ ಬಂದ ಶೈಲಶ್ರೀಗೂ ಸುದ್ದಿ ಸಿಕ್ಕಿತು. ಎಷ್ಟೋ ದಿನಗಳ ಮೇಲೆ ಅವಳು ನೇರ ಗಂಡನ ಮುಖ ನೋಡಿ ಮಾತಾಡಿದಳು. “ಮುಂದಿನ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ಆಫೀಸಿನ್ಯಾಗ ಪುಸ್ತಕದ ಫಂಕ್ಷನ್ ಐತ್ರಿ. ಒಂದು ಖರೇ ಮೊಲ ಇದ್ರ ಭಾಳ ಚಂದ ಆಗ್ತೈತಿ. ಗಾನವಿನೂ ಕರಕೊಂಡು ಹೋಗ್ತೀನಿ.” ಸ್ವಲ್ಪ ತಡೆದು ಕೇಳಿದಳು: “ಫಾರ್ಮಿಗೆ ಕಳಸ್ತಾರೇನು ಖರೇನ?”

“ಹೂಂ.”

ಅವಳು ಕುಕ್ಕರ್ ಇಳಿಸಲು ಹೋದಳು.

“ತರ್ತಿ ಅಲ್ಲೇನಪ್ಪಾ?” ಎಂದಳು ಗಾನವಿ.

“ನೋಡೂಣು,” ಎಂದ. ಆ ಮನೆಯಲ್ಲಿ ಅವನು ನೋಡೂಣು ಎಂದರೆ ಆಗಲಿ ಎಂದೇ ಅರ್ಥ.

ಸೋಮವಾರದಿಂದ ದಿನಕ್ಕೆ ಹನ್ನೆರಡರಂತೆ ಶುರು ಮಾಡಿದ. ಅದೇ ಕಿವಿ, ಅದೇ ನರ, ಮದ್ದು ಮಾತ್ರ ಬೇರೆ. ಮಂಗಳವಾರ ಗುಂಡ ಹೋದ. ಬುಧವಾರ ಸಾಹೇಬ. ಹದಿನೇಳನೇ ನಂಬರನ್ನು ಮಾತ್ರ ಹಿಂದೆ ಹಿಂದೆ ಸರಿಸುತ್ತ ಬಂದ. ಸಂಜೆ ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. “ಎಷ್ಟೊತ್ತೋ ಅದು, ಟ್ಯಾಂಕಿ ಖಾಲಿ ಆತು,” ಎಂದು ಉಮಾಬಾಯಿ ಬಾಗಿಲು ತಟ್ಟಬೇಕಾಯಿತು. ಕಥೆ ಕೇಳಿದರೆ, ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದಾರೆ ಎಂದ. ಗಾನವಿ ಗುಂಡನ ಗಂಟಿನಲ್ಲಿ ಏನಿದೆ ಎಂದು ಕೇಳಿದಳು. ಅವನು ತಟ್ಟೆಯಲ್ಲಿನ ಶೇಂಗಾ ಆರಿಸುತ್ತ ಕೂತ.

ಶುಕ್ರವಾರ ಊಟದ ಡಬ್ಬಿಯ ಜೊತೆಗೆ ಒಂದು ದೊಡ್ಡ ಕೈಚೀಲ ಒಯ್ದಿದ್ದ. ಮಧ್ಯಾಹ್ನ ಮೂರಕ್ಕೆ ಚಂದ್ರಿಯನ್ನು ಅದರಲ್ಲಿ ಇಟ್ಟು ಮೇಲೆ ಟವೆಲು ಹೊದಿಸಿದ. ಅನಿಮಲ್ ಹೌಸಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಕಾವಲಿನವರು ಒಬ್ಬೊಬ್ಬರ ಚೀಲವನ್ನೂ ಮೇಜಿನ ಮೇಲೆ ಸುರಿಸಿ ನೋಡುತ್ತಿದ್ದರು. ಅವನು ಬಾಗಿಲವರೆಗೆ ಹೋದ. ಮರಳಿ ಬಂದ. ಮತ್ತೊಮ್ಮೆ ಹೋದ. ಕೊನೆಗೆ ಟವೆಲು ತೆಗೆದು ಅವಳನ್ನು ಎತ್ತಿ ಮೇಜಿನ ಮೇಲೆ ಇಟ್ಟ. ನಾಲ್ಕು ಗಂಟೆಗೆ ರಿಜಿಸ್ಟರಿನಲ್ಲಿ ಐವತ್ತೆಂಟನೇ ಸಹಿ ಹಾಕಿದ.

ಚಂದ್ರಿ ನಾಳೆ ಬರುತ್ತಾಳೆ, ಕಾಗದಪತ್ರ ಆಗಬೇಕು ಎಂದು ಮನೆಯಲ್ಲಿ ಹೇಳಿದ. ಶನಿವಾರ ರಜೆ ಹಾಕಿ ಹಳೇ ಊರಿನ ಮುರ್ಗಿ ಚೌಕಕ್ಕೆ ಹೋದ. ಕೋಳಿ, ಪಾರಿವಾಳ, ಗಿಳಿಗಳ ಪಂಜರಗಳ ನಡುವೆ ಒಬ್ಬ ಮುದುಕ ಬಿದಿರಿನ ಬುಟ್ಟಿಯಲ್ಲಿ ಮೊಲ ಇಟ್ಟುಕೊಂಡಿದ್ದ. ಕೆಂಪು ಕಣ್ಣಿನ ಬಿಳಿ ಹೆಣ್ಣೊಂದನ್ನು ಕೊಂಡ. ಹತ್ತಿರದ ಚಹಾ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು, ಅದನ್ನು ಮೊಣಕಾಲುಗಳ ನಡುವೆ ಹಿಡಿದು, ನೀಲಿ ಬಾಲ್ ಪೆನ್ನಿನಿಂದ ಎಡಗಿವಿಯೊಳಗೆ ಹದಿನೇಳು ಎಂದು ಬರೆದ. ಹಚ್ಚೆಯಂತೆ ಕಾಣಲೆಂದು ಚುಕ್ಕೆ ಚುಕ್ಕೆಯಾಗಿ ಬರೆದ.

ಗಾನವಿ ಅಳುವಷ್ಟು ಖುಷಿಪಟ್ಟಳು. ಕಿವಿ ಬಿಡಿಸಿ ಎರಡೂ ಅಂಕಿಗಳನ್ನು ಬೆರಳಲ್ಲಿ ಮುಟ್ಟದೆ ಗಾಳಿಯಲ್ಲೇ ತಿದ್ದಿದಳು. ಉಮಾಬಾಯಿ ಅದರ ಹಣೆಗೆ ವಿಭೂತಿ ಹಚ್ಚಿದಳು.

“ಐದು ವರ್ಷದ್ದು ಅಂದಿದ್ದಿ. ಇಷ್ಟು ಸಣ್ಣದೈತಲ್ಲೋ?”

“ಅಲ್ಲಿ ಉಣ್ಣಾಕ ಅಷ್ಟಕ್ಕಷ್ಟ ಅಲ್ಲೇನವ್ವ.”

“ನೀನ ಹಾಕ್ತಿದ್ದೆಲ್ಲ ಉಣ್ಣಾಕ?”

ಅವನು ಸೊಪ್ಪು ತರುವ ನೆಪದಲ್ಲಿ ಕೆಳಗಿಳಿದ.

ಒಂದು ವಾರ ಮನೆಯಲ್ಲಿ ಸದ್ದು ಗದ್ದಲ. ಗಾನವಿ ಶಾಲೆಯಿಂದ ಓಡಿ ಬರುತ್ತಿದ್ದಳು. ಹೊಸ ಬೂಟಿನವರು ಬಂದರೆ ಕಾಲು ಬಡಿಯುತ್ತದೋ ಎಂದು ಜಯಮ್ಮನ ಮಗನನ್ನು ಮೂರು ಸಲ ಮೆಟ್ಟಿಲು ಹತ್ತಿಸಿದಳು. ಬಡಿಯಲಿಲ್ಲ. “ಹೊಸ ಮನಿ, ಇನ್ನೂ ರೂಢಿ ಆಗಿಲ್ಲ,” ಎಂದು ತಾನೇ ಸಮಾಧಾನ ಹೇಳಿಕೊಂಡಳು. ಶರಣಕುಮಾರ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಪೆಟ್ಟಿಗೆಗೆ ಟೇಪು ಅಂಟಿಸಿ ಬರುತ್ತಿದ್ದ. ಈಗ ಸ್ನಾನದ ಕಟ್ಟಪ್ಪಣೆ ಇರಲಿಲ್ಲ, ಆದರೂ ಮಾಡುತ್ತಿದ್ದ.

ಸಮಾರಂಭದ ದಿನ ಶೈಲಶ್ರೀ ಮಗಳನ್ನೂ ಮೊಲದ ಬುಟ್ಟಿಯನ್ನೂ ಆಟೋದಲ್ಲಿ ಮಾಧಾಪುರಕ್ಕೆ ಕರೆದೊಯ್ದಳು. ಕಂಪನಿಯ ಕೆಳಮಹಡಿಯಲ್ಲಿ ಬಲೂನು, ಕೇಕು, ನೌಕರರ ಮಕ್ಕಳು. ಗೋಡೆಯ ಮೇಲೆ ಚಡ್ಡಿ ಹಾಕಿದ ಗುಂಡನ ಆಳೆತ್ತರದ ಚಿತ್ರ. ಗಾನವಿಯನ್ನು ಅದರ ಮುಂದೆ ಕೂರಿಸಿ ಮಡಿಲಲ್ಲಿ ಮೊಲ ಇಟ್ಟರು. ಫೋಟೋ ತೆಗೆಯುವವನ ಜೊತೆಗಿದ್ದ ಹೆಂಗಸು ಬಗ್ಗಿ ನೋಡಿ, ಕಿವಿಯಲ್ಲಿ ಏನೋ ಕಲೆ ಎಂದು ಹಿಂದಿಯಲ್ಲಿ ಹೇಳಿ, ಚೀಲದಿಂದ ಒದ್ದೆ ಟಿಷ್ಯೂ ತೆಗೆದಳು.

ಅದು ಕಲೆಯಲ್ಲ, ಅದು ಇವಳ ಹೆಸರು, ಒರೆಸಬೇಡಿ ಎಂದು ಗಾನವಿ ಹೇಳುವಷ್ಟರಲ್ಲಿ ಅವಳು ಎರಡು ಸಲ ಒರೆಸಿದ್ದಳು. ಟಿಷ್ಯೂ ನೀಲಿಯಾಯಿತು. ಕಿವಿ ಗುಲಾಬಿ ಬಣ್ಣಕ್ಕೆ ತಿರುಗಿತು, ಪುಸ್ತಕದಲ್ಲಿದ್ದ ಹಾಗೆಯೇ.

ಶೈಲಶ್ರೀ ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವಳಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ಪ್ರೇಮಾ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು, ಶೈಲಶ್ರೀಯೂ ತಟ್ಟಿದಳು. ಫೋಟೋದಲ್ಲಿ ನಗು ಎಂದು ಮೂರು ಮಂದಿ ಹೇಳಿದರೂ ಗಾನವಿ ನಗಲಿಲ್ಲ.

ಮರಳುವಾಗ ಆಟೋದಲ್ಲಿ ಗಾನವಿ ಮೊಲದ ಕಿವಿ ಬಿಡಿಸಿ ನೋಡಿದಳು.

“ಮಮ್ಮಿ, ಹಚ್ಚಿ ಒರಸಿದ್ರ ಹೋಗ್ತೈತೇನು?”

“ಇಲ್ಲ,” ಎಂದುಬಿಟ್ಟಳು ಶೈಲಶ್ರೀ.

ಮನೆಗೆ ಬಂದಾಗ ಐದು ಗಂಟೆ. ಶರಣಕುಮಾರ ಚುರುಮುರಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಗಾನವಿ ಬುಟ್ಟಿಯನ್ನು ಅವನ ಮುಂದೆ ತಂದಿಟ್ಟಳು.

“ಇದು ಯಾರು?”

“ಚಂದ್ರಿ ಅಲ್ಲೇನು?”

“ನಂಬರ್ ಹೋತು.”

ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. “ಹೇಳ್ರಿ,” ಎಂದಳು.

“ಅಂಗಡ್ಯಾಗಿಂದ ತಂದೆ.”

“ಚಂದ್ರಿ ಎಲ್ಲಿ? ಫಾರ್ಮಿಗೆ ಹೋದಳಾ?”

“ಫಾರ್ಮ್ ಇಲ್ಲವ್ವ. ಯಾವುವೂ ಹೋಗಿಲ್ಲ. ಎಲ್ಲಾವುಕ್ಕೂ ಸೂಜಿ ಹಾಕಿದ್ವಿ. ಸತ್ತು ಹೋದುವು.”

“ಗುಂಡ?”

“ಗುಂಡನೂ.”

“ಯಾರು ಹಾಕಿದ್ರು?”

“ನಾನ.”

ಗಾನವಿ ಅಳಲಿಲ್ಲ. ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಉಮಾಬಾಯಿ ಚಹಾದ ಲೋಟ ಹಿಡಿದು ನಿಂತಿದ್ದಳು. ಲೋಟವನ್ನು ನೆಲದ ಮೇಲಿಟ್ಟಳು.

“ಐವತ್ತೆಂಟೋ?”

“ನೌಕರಿ ಅವ್ವ ಅದು. ನಾ ಮಾಡ್ಲಿಲ್ಲಂದ್ರ ಮತ್ತೊಬ್ಬ ಮಾಡ್ತಿದ್ದ, ಒರಟು ಕೈಲೆ.”

“ಹೊಟ್ಟಿಪಾಡಿಗೆ ಮನುಷ್ಯ ಏನೇನೋ ಮಾಡ್ತಾನ, ನಾ ತಿಳಿಲಾರದಾಕಿ ಅಲ್ಲ. ಆದ್ರ ಮೂರು ವರ್ಷ ನನ್ನ ಮುಂದ ಕುಂತು ಹಾಡು ಹೇಳಿದಂಗ ಹೇಳಿದೆಲ್ಲೋ. ನಾ ಮಂದಿ ಮುಂದ ಹೇಳ್ಕೊಂತ ತಿರುಗಿದೆ. ಮೊನ್ನೆ ಬ್ಯಾರೇ ಮೊಲ ತಂದು ನನ್ನ ಕೈಲೆ ವಿಭೂತಿ ಹಚ್ಚಿಸಿದಿ.”

“ಅತ್ತ್ಯಾರ, ನೀವು ತಗೊಳ್ಳೂ ಇಂಜೆಕ್ಷನ್ನೂ ಹಿಂಗ ಯಾವುದೋ ಪ್ರಾಣಿ ಮ್ಯಾಲ ನೋಡಿ ಬಂದದ್ದ,” ಎಂದಳು ಶೈಲಶ್ರೀ, ಗಂಡನ ಪರ ವಹಿಸಬೇಕೆಂದು.

ಉಮಾಬಾಯಿ ಸೊಸೆಯತ್ತ ತಿರುಗಿದಳು. “ಅದೂ ಗೊತ್ತಿತ್ತೇನು ನಿನಗ? ಮತ್ತ ಫಾರ್ಮ್ ಅಂದಾಗ ಯಾಕ ಸುಮ್ನ ಇದ್ದಿ?”

ಶರಣಕುಮಾರನೇ ಉತ್ತರ ಕೊಟ್ಟ: “ಆಕಿಗೆ ಮೊಲ ಬೇಕಾಗಿತ್ತು ಅವ್ವ, ಫಂಕ್ಷನ್ನಿಗೆ.”

“ಹೌದ್ರಿ, ಬೇಕಾಗಿತ್ತು,” ಎಂದಳು ಶೈಲಶ್ರೀ. “ಮನಿ ನಡಿಯೂದು ಆ ಮೊಲದ ಮ್ಯಾಲನ ಐತಿ ಈಗ. ನಮ್ಮಿಬ್ಬರ ದುಡಿಮಿನೂ ಅದರ ಮ್ಯಾಲನ ನಡದೈತಿ.”

ಮರುದಿನ ಬೆಳಿಗ್ಗೆ ಅವನು ಸೂಜಿ ತುಂಬಿಸಿಕೊಂಡು ಬಂದಾಗ ಉಮಾಬಾಯಿ ಇರಲಿಲ್ಲ. ಮೂರು ಮಹಡಿ ಇಳಿದು, ರಸ್ತೆಯ ತಿರುವಿನ ದವಾಖಾನೆಯ ಕಂಪೌಂಡರ್ ಹತ್ತಿರ ಹೋಗಿದ್ದಳು. ಬಂದಾಗ ತೋಳು ಉಜ್ಜಿಕೊಳ್ಳುತ್ತಿದ್ದಳು, ನೋವಾಗಿತ್ತು. ದಿನವೂ ಹಾಗೆಯೇ ಹೋದಳು. ಹತ್ತನೇ ದಿನ ರಾಯಚೂರಿನ ಮಗಳ ಮನೆಗೆ ಹೋಗುತ್ತೇನೆಂದು ಚೀಲ ಕಟ್ಟಿದಳು. ಶರಣಕುಮಾರ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಹೋಗಿ ಕಿಟಕಿಯ ಸೀಟು ಹಿಡಿದುಕೊಟ್ಟ.

“ಯಾವಾಗ ಬರ್ತಿ ಅವ್ವ?”

“ಕೂಸಿನ್ನ ಹಸವಿಲೆ ಇಡಬ್ಯಾಡ. ಸಾಲಿಂದ ಬಂದ ಕೂಡ್ಲೆ ಏನರೆ ತಿನ್ನಾಕ ಕೊಡು,” ಎಂದಳು.

ಶೈಲಶ್ರೀ ಮಾಲಿಕೆಯ ಕೊನೆಯ ಪುಸ್ತಕ ಬರೆಯಲು ಕೂತಳು. ಬರೆದದ್ದರಲ್ಲಿ ಚಂದ್ರಿ ಒಂದು ದಿನ ಇಲ್ಲವಾಗುತ್ತಾಳೆ, ಉಳಿದವರು ಅವಳ ಕಾಲಿನ ಸದ್ದಿಗೆ ಕಾಯುತ್ತಾರೆ. ಪ್ರೇಮಾ ಓದಿ ಕಣ್ಣೊರೆಸಿಕೊಂಡು, ಚೆನ್ನಾಗಿದೆ, ಆದರೆ ಇದು ನಡೆಯುವುದಿಲ್ಲ, ಮಕ್ಕಳಿಗೆ ಹುಟ್ಟುಹಬ್ಬ ಇರಲಿ ಎಂದಳು. ಶೈಲಶ್ರೀ ಹುಟ್ಟುಹಬ್ಬ ಬರೆದುಕೊಟ್ಟಳು. ಆ ಪುಸ್ತಕವನ್ನು ಮನೆಗೆ ತರಲಿಲ್ಲ.

ಅಂಗಡಿಯ ಮೊಲ ಬಾಲ್ಕನಿಯಲ್ಲೇ ಇತ್ತು. ಯಾರೂ ಅದಕ್ಕೆ ಹೆಸರಿಡಲಿಲ್ಲ. ಸಂಜೆ ಶರಣಕುಮಾರನೇ ಮಗಳಿಗೆ ಚುರುಮುರಿ ಮಾಡಿಕೊಡುತ್ತಿದ್ದ. ಅವಳು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ, ಖಾಲಿ ಮಾಡಿ ತಂದು ಮೋರಿಯಲ್ಲಿಡುತ್ತಿದ್ದಳು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅವಳೇ ಬಂದು ಅವನ ಮುಂದೆ ನಿಂತಳು.

“ನನಗ ಆ ಜಾಗ ನೋಡೂದೈತಿ.”

“ಒಳಗ ಬಿಡಂಗಿಲ್ಲವ್ವ.”

“ಹೊರಗಿಂದ.”

ಶೈಲಶ್ರೀ ಮಗಳ ಕೈಗೆ ನೀರಿನ ಬಾಟಲಿ ಕೊಟ್ಟಳು.

ಪಟಾನ್‌ಚೆರುವಿನಲ್ಲಿ ಇಳಿದು ಕಾರ್ಖಾನೆಯ ಗೋಡೆಯ ಉದ್ದಕ್ಕೂ ನಡೆದರು. ಗಾಳಿಯಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ. ಗಾನವಿ ಮೂಗಿಗೆ ಕೈ ಹಿಡಿದಳು. ಗೋಡೆ ತಗ್ಗಿದ್ದಲ್ಲಿ ಅವನು ನಿಂತು ತೋರಿಸಿದ: ತಗಡಿನ ಚಾವಣಿಯ ಒಂದು ಉದ್ದ ಕಟ್ಟಡ, ಕಿಟಕಿಗಳಿಗೆ ಹಲಗೆ ಬಡಿದಿದ್ದರು.

“ಮೊಲದ್ದು ಅದ.”

“ಕಿಟಕಿ ಇಷ್ಟ ಸಣ್ಣವೇನು?”

“ಇಷ್ಟ.”

“ಹೊರಗ ಹುಲ್ಲು ಐತಿ ಅಂದಿದ್ದಿ.”

“ಇರ್ಲಿಲ್ಲ.”

ಅವಳು ಗೋಡೆಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ನಿಂತಳು. “ಚಂದ್ರಿ ಮೊದಲಾ, ಕಡೀಕಾ?”

“ಕಡೀಕ.”

“ಯಾಕ?”

“ಆಕಿನ್ನ ಉಳಿಸಬೇಕಂತ ಇತ್ತು. ನಿನಗ ತರಬೇಕಂತ ಚೀಲದಾಗೂ ಇಟ್ಟಿದ್ದೆ. ಗೇಟಿನ್ಯಾಗ ಹಿಡೀತಾರಂತ ಅಂಜಿಕಿ ಬಂತು. ಹೊರಗ ತಗದೆ.”

“ಆಕಿಗೂ ಅಂಜಿಕಿ ಬಂದಿತ್ತೇನು?”

ಇಲ್ಲ ಎನ್ನುವುದು ಸುಲಭವಿತ್ತು. ಮಾತು ತುಟಿಯವರೆಗೆ ಬಂದೂ ಇತ್ತು.

“ಬಂದಿತ್ತು,” ಎಂದ. “ಉಳಿದವುಕ್ಕ ಏನೂ ತಿಳಿಲಿಲ್ಲ, ದಿನದ ಸೂಜಿ ಅಂದ್ಕೊಂಡ್ವು. ಆಕಿ ಸುತ್ತ ಎಲ್ಲಾ ಪಂಜರ ಖಾಲಿ ಆಗಿದ್ವು. ಒಬ್ಬಾಕೀನ ಉಳಿದಿದ್ಲು. ಕಾಲು ಬಡದ್ಲು. ಭಾಳ ಹೊತ್ತು ಬಡದ್ಲು. ಕೇಳಾಕ ಯಾರೂ ಇರ್ಲಿಲ್ಲ. ನಾ ಕಡೀಕ ಇಟ್ಟದ್ದಕ್ಕ ಹಂಗಾತು.”

ಗಾನವಿ ಕಟ್ಟಡವನ್ನೇ ನೋಡುತ್ತಿದ್ದಳು. ಅವನೂ ನೋಡಿದ. ಕಾವಲಿನವನು ಗೇಟಿನಿಂದ ಕೂಗಿದಾಗ ಇಬ್ಬರೂ ರಸ್ತೆಗೆ ಬಂದರು.

ಬಸ್ಸಿನಲ್ಲಿ ಅವಳು ತಾನೇ ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕ ಕೂತಳು. ಅವನು ಹಿಂದೆ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ಅವಳ ಎರಡು ಜಡೆ ಮಾತ್ರ ಕಾಣುತ್ತಿದ್ದವು. ಒಮ್ಮೆಯೂ ತಿರುಗಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಅವಳು ಮುಂದಿನ ಬಾಗಿಲಿಂದ ಇಳಿದಳು, ಅವನು ಹಿಂದಿನದರಿಂದ.

ಮುಂಬೈ ರಸ್ತೆಯಲ್ಲಿ ಲಾರಿಗಳು, ಕಂಪನಿಗಳ ಸುಮೋಗಳು ಎಡೆಬಿಡದೆ ಹಾಯುತ್ತಿದ್ದವು. ರಸ್ತೆಯ ಅಂಚಿನಲ್ಲಿ ನಿಂತು ಗಾನವಿ ಅವನತ್ತ ನೋಡದೆಯೇ ಕೈ ಚಾಚಿದಳು. ಅವನು ಹಿಡಿದುಕೊಂಡ. ನಡುವಿನ ಕಟ್ಟೆಯವರೆಗೆ ಓಡಿ, ಅಲ್ಲಿ ನಿಂತು, ಮತ್ತೆ ಓಡಿ ದಾಟಿದರು. ಆಚೆಯ ಅಂಚು ಮುಟ್ಟಿದ ಕೂಡಲೇ ಅವಳು ಕೈ ಬಿಡಿಸಿಕೊಂಡು ಮುಂದೆ ಮುಂದೆ ನಡೆದಳು.